ಒಂದೇ ಫೈಲಿನ ಬಾಟಲ್, ಅಡಿಕೆ ಅಂಗಡಿಯ ಲೆಕ್ಕ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಅಡಿಕೆ ಅಂಗಡಿಗೆ ಲೆಕ್ಕದ ಆ್ಯಪ್ ಬರೆಯುತ್ತೇನೆ, ಅದೂ ಬಾಟಲ್ ಅನ್ನುವ, ಪೈಥಾನ್ ಭಾಷೆಯ ಪುಟ್ಟ ವೆಬ್ ಫ್ರೇಮ್‌ವರ್ಕ್‌ನಲ್ಲಿ ಅಂದಾಗ ಗೆಳೆಯ ನಕ್ಕ. "ಜಾಂಗೊದಂಥ ದೊಡ್ಡ ಫ್ರೇಮ್‌ವರ್ಕ್ ಬಿಟ್ಟು ಈ ಆಟಿಕೆ ಯಾಕೆ ಮಾರಾಯ?" ಆಟಿಕೆ ಈಗ ಎರಡು ಮಳೆಗಾಲ ದಾಟಿದೆ.

ಬಾಟಲ್ ಅಂದರೆ ಒಂದೇ ಫೈಲು. ಪೈಥಾನ್ ಇದ್ದರೆ ಸಾಕು, ಬೇರೇನೂ ಬೇಡ. ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕಿದೆ. ನನ್ನ ಕೋಡು ಒಟ್ಟು 700 ಸಾಲು ಇರಬಹುದು.

ಮೊದಲು ಅಂಗಡಿಯಲ್ಲಿ ಇಟ್ಟದ್ದು ರಾಸ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್. ಆಟಿ ತಿಂಗಳ ಮಳೆಗೆ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಎಸ್‌ಡಿ ಕಾರ್ಡ್ ಸತ್ತೇ ಹೋಯಿತು. ಸುಮ್ನೆ ಐದಾರು ಸಾವಿರ ದಂಡ. ಧಣಿಗಳ ಮಗನ ಹಳೆ ಲ್ಯಾಪ್‌ಟಾಪ್ ಕೇಳಿ ತಂದೆ. ಅದಕ್ಕೆ ಬ್ಯಾಟರಿಯಾದರೂ ಇದೆ, ಅಲ್ವಾ?

ತೂಕದ ಹತ್ತಿರ ಒಬ್ಬ, ಗಲ್ಲೆಯಲ್ಲಿ ಧಣಿಗಳು. ಇಬ್ಬರೂ ಒಟ್ಟಿಗೆ ಮೊಬೈಲ್ ಒತ್ತಿದರೆ ಒಬ್ಬರ ಪುಟ ಸುತ್ತುತ್ತಲೇ ಇರುತ್ತಿತ್ತು. ಬಾಟಲ್ ಜೊತೆ ಬರುವ ಸರ್ವರ್ ಒಂದು ಸಲಕ್ಕೆ ಒಬ್ಬರನ್ನೇ ನೋಡುವುದು. ಹಲವರನ್ನು ಒಟ್ಟಿಗೆ ನೋಡುವ ವೇಟ್ರೆಸ್ ಅನ್ನುವ ಸರ್ವರ್ ಹಾಕಿದೆ, ಆ ತೊಂದರೆ ಮುಗಿಯಿತು. ಆಮೇಲೆ ಲೆಕ್ಕ ಕೂಡಿಡುವ ಡೇಟಾಬೇಸ್ ಎಸ್‌ಕ್ಯುಎಲೈಟ್ ಲಾಕ್ ಆಗತೊಡಗಿತು. ಎಲ್ಲರೂ ಹೇಳುವ ಹಾಗೆ, ಓದುವವರು ಬರೆಯುವವರು ಒಬ್ಬರನ್ನೊಬ್ಬರು ತಡೆಯದಂತೆ ಮಾಡುವ ವಾಲ್ ಮೋಡ್ ಹಾಕಿದೆ. ಲಾಕ್ ಹೋಗಲಿಲ್ಲ. ನಾಲ್ಕು ರಾತ್ರಿ ಕೂತ ಮೇಲೆ ಗೊತ್ತಾಯಿತು, ಚೀಟಿ ಪ್ರಿಂಟ್ ಆಗಿ ಹೊರಗೆ ಬರುವ ತನಕ ನಾನು ಕಮಿಟ್ಟೇ (ಬರೆದದ್ದನ್ನು ಖಾಯಂ ಮಾಡಿ ಲಾಕ್ ಬಿಡುವುದು) ಮಾಡುತ್ತಿರಲಿಲ್ಲ! ಕಮಿಟ್‌ನ ಆ ಒಂದು ಸಾಲನ್ನು ಪ್ರಿಂಟ್‌ಗಿಂತ ಮೇಲಕ್ಕೆ ಎತ್ತಿ ಇಟ್ಟೆ, ಅಷ್ಟೇ.

ನಿಜವಾಗಿ ಬೆವರಿಳಿಸಿದ್ದು ಆ ಚೀಟಿಯೇ. ಧಣಿಗಳಿಗೆ ಕನ್ನಡದಲ್ಲೇ ಬೇಕು. ನಮ್ಮ ಥರ್ಮಲ್ ಪ್ರಿಂಟರಿಗೆ ಕನ್ನಡ ಗೊತ್ತಿಲ್ಲ. ಪೈಥಾನ್‌ನ ಚಿತ್ರದ ಲೈಬ್ರರಿ ಪಿಲ್ಲೋದಲ್ಲಿ ಅಕ್ಷರಗಳನ್ನೇ ಚಿತ್ರ ಮಾಡಿ ಕಳಿಸಿದೆ. ಅಡಿಕೆಯ ದರ್ಜೆಗಳ ಹೆಸರಲ್ಲಿ ಪಟೋರ, ಕರಿಗೋಟು ಓದುವ ಹಾಗೆ ಬಂತು. ಉಳ್ಳಿಗಡ್ಡೆ ಮಾತ್ರ 'ಉಳ್‌ಳಿಗಡ್‌ಡೆ' ಆಗಿ ಬಂತು. ಅಡಿಕೆ ತಂದವರೊಬ್ಬರು ಚೀಟಿಯನ್ನು ಬೆಳಕಿಗೆ ಹಿಡಿದು, "ಇದು ಯಾವ ಊರಿನ ಕನ್ನಡ ಭಾವ?" ಅಂದರು. ಅಕ್ಷರಗಳನ್ನು ಸರಿಯಾಗಿ ಜೋಡಿಸುವ ರಾಕ್ಮ್ ಲೈಬ್ರರಿ ಸೇರಿಸಿದ ಮೇಲೆ ಒತ್ತಕ್ಷರ ಕೆಳಗಿಳಿಯಿತು.

ನಾನು ತೆಗೆದುಕೊಂಡದ್ದು 18 ಸಾವಿರ. ಬೇರೆಯವರು ಹತ್ತಿರ ಹತ್ತಿರ 70 ಸಾವಿರ, ಮೇಲೆ ವರ್ಷ ವರ್ಷ ಬಾಡಿಗೆ ಹೇಳಿದ್ದರಂತೆ. ಪೈ ಕಳೆದದ್ದು, ರಾತ್ರಿ ಕೂತದ್ದು ಲೆಕ್ಕ ಹಾಕಿದರೆ ನನಗೆ ಉಳಿದದ್ದು ಜಾಸ್ತಿ ಇಲ್ಲ ಬಿಡಿ.

ಈ ವರ್ಷ ತಕ್ಕಡಿಗೆ ಸೀರಿಯಲ್ ಕೇಬಲ್ ಹಾಕಿ ತೂಕ ನೇರ ಪುಟಕ್ಕೆ ತಂದೆ. ಗೋಣಿ ಅಲುಗಾಡುವಾಗ ಅಂಕಿಯೂ ಕುಣಿಯುತ್ತದೆ. ಯಾವ ಅಂಕಿ ಹಿಡಿಯಬೇಕು ಅನ್ನುವುದಕ್ಕೆ ಒಂದು ಉಪಾಯ ಸಿಕ್ಕಿದೆ. ಅದನ್ನು ಮಾತ್ರ ಈಗ ಹೇಳುವುದಿಲ್ಲ, ಪೆರ್ಲದ ಅಂಗಡಿಯವರೊಬ್ಬರು ರೇಟ್ ಕೇಳಿದ್ದಾರೆ.