ಮೂರು ಟ್ರಂಪೆಟ್, ಒಂದೇ ದನಿ: ಕೋಪ್ಲಂಡ್ ಫ್ಯಾನ್‌ಫೇರ್ ನುಡಿಸಿದ ಅನುಭವ

ಅಮೆರಿಕದ ಸಂಗೀತ ರಚನೆಕಾರ ಆರನ್ ಕೋಪ್ಲಂಡ್ ಅವರ ‘ಫ್ಯಾನ್‌ಫೇರ್ ಫಾರ್ ದಿ ಕಾಮನ್ ಮ್ಯಾನ್’ ಸುಮಾರು ಮೂರು ನಿಮಿಷದ ಕೃತಿ. ಫ್ಯಾನ್‌ಫೇರ್ ಅಂದರೆ ಗೌರವ ಸೂಚಿಸಲು ಕಹಳೆಗಳಲ್ಲಿ ಮೊಳಗಿಸುವ ಚಿಕ್ಕ ಕೃತಿ. ಒಹಾಯೊದಲ್ಲಿ ನಾವು ಹವ್ಯಾಸಿಗಳು ಸೇರಿ ಕಟ್ಟಿಕೊಂಡ ಬ್ರಾಸ್ (ಹಿತ್ತಾಳೆಯ ಊದುವಾದ್ಯಗಳ) ತಂಡದಲ್ಲಿ ಇದನ್ನು ನುಡಿಸಿದೆವು. ನನ್ನದು ಮೂರನೇ ಟ್ರಂಪೆಟ್. ಕಾಗದದ ಮೇಲೆ ಸ್ವರಗಳು ಕಡಿಮೆ, ವೇಗವೂ ಇಲ್ಲ. ಆ ನಿಧಾನವೇ ಇಲ್ಲಿ ಕಷ್ಟ.

ಶುರುವಿನಲ್ಲಿ ಬಾಸ್ ಡ್ರಮ್, ಟಿಂಪನಿ ಅನ್ನುವ ನಗಾರಿ, ಜೊತೆಗೆ ಟ್ಯಾಮ್‌ಟ್ಯಾಮ್ ಅನ್ನುವ ದೊಡ್ಡ ಜಾಗಟೆ. ಆಮೇಲೆ ಮೂರು ಟ್ರಂಪೆಟ್‌ಗಳೂ ಒಂದೇ ಸ್ವರ ಹಿಡಿದು ಬರಬೇಕು. ಮೊದಲ ಮೂರು ಸ್ವರ ನಮ್ಮ ಸರಿಗಮದ ಲೆಕ್ಕದಲ್ಲಿ ಮಂದ್ರ ಪ, ಮಧ್ಯ ಸ, ಮಧ್ಯ ಪ. ಇವಕ್ಕೆ ಟ್ರಂಪೆಟ್‌ನ ಒಂದು ವಾಲ್ವ್ (ಬೆರಳಿನಿಂದ ಒತ್ತುವ ಗುಂಡಿ) ಕೂಡ ಒತ್ತುವಂತಿಲ್ಲ. ತುಟಿ ಮತ್ತು ಉಸಿರು, ಅಷ್ಟೇ. ಯಾರಾದರೂ ಒಬ್ಬರ ಪಂಚಮ ಕೂದಲೆಳೆಯಷ್ಟು ಏರಿದರೂ ಸಭೆಗೆ ಗೊತ್ತಾಗುತ್ತದೆ.

ನಾನು ಫೋನಿನ ತಂಬೂರಿ ಆ್ಯಪ್‌ನಲ್ಲಿ ಬಿ ಫ್ಲ್ಯಾಟ್ ಶ್ರುತಿ (ಇಲ್ಲಿನ ಸ) ಇಟ್ಟುಕೊಂಡು, ಆ ಮೂರು ಸ್ವರಗಳನ್ನೇ ಉದ್ದಕ್ಕೆ ಊದುತ್ತಿದ್ದೆ. ಶ್ರುತಿ ತೋರಿಸುವ ಟ್ಯೂನರ್‌ನ ಮುಳ್ಳು ನೋಡುವುದಕ್ಕಿಂತ ಇದು ಎಷ್ಟೋ ಮೇಲು, ಕಿವಿ ತಾನಾಗಿ ಸರಿಮಾಡಿಕೊಳ್ಳುತ್ತದೆ. ಉಳಿದ ಇಬ್ಬರಿಗೂ ಹಿಡಿಸಿತು. ಕೊನೆಗೆ ರಿಹರ್ಸಲ್‌ಗೆ ಮುಂಚೆ ಮೂವರೂ ತಂಬೂರಿಯ ಜೊತೆಗೇ ಶ್ರುತಿ ಸೇರಿಸತೊಡಗಿದೆವು.

ಗತಿ ನಿಮಿಷಕ್ಕೆ 52 ಬಡಿತ. ಡ್ರಮ್ ಪೆಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಎಲ್ಲರಿಗೂ ಓಡುವ ಆಸೆ. ಅದಕ್ಕೆ ಮನೆಯಲ್ಲಿ ಬಡಿತ ಕೊಡುವ ಮೆಟ್ರೊನೋಮ್ 104ಕ್ಕೆ ಇಟ್ಟು ಅರ್ಧರ್ಧ ಬಡಿತ ಎಣಿಸಿ, ಆಮೇಲೆ 52ಕ್ಕೆ ಇಳಿಸಿದೆ. ಮೂವರೂ ಒಂದೇ ಬಡಿತದಲ್ಲಿ ಉಸಿರು ಎಳೆದರೆ ಸಾಕು, ಮೊದಲ ಸ್ವರ ಒಟ್ಟಿಗೇ ಬೀಳುತ್ತದೆ.

ಆಮೇಲೆ ನಾಲ್ಕು ಹಾರ್ನ್‌ಗಳು, ಅವುಗಳ ಹಿಂದೆ ಮೂರು ಟ್ರೊಂಬೋನ್, ಟ್ಯೂಬಾ ಸೇರುತ್ತವೆ. ದನಿ ದಪ್ಪವಾದಂತೆ ಟ್ರಂಪೆಟ್‌ನವರು ಕಿರುಚಲು ಹೊರಡುತ್ತಾರೆ. ಇದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಕೃತಿ ಹುಟ್ಟಿದ ಹೊತ್ತನ್ನು ನೆನೆಯಿರಿ. 1942, ಎರಡನೇ ಮಹಾಯುದ್ಧದ ಕಾಲ. ಸಿನ್ಸಿನಾಟಿ ಸಿಂಫನಿಯ ಕಂಡಕ್ಟರ್ ಯೂಜಿನ್ ಗೂಸೆನ್ಸ್ ಹಲವು ಸಂಗೀತಗಾರರಿಂದ ಫ್ಯಾನ್‌ಫೇರ್ ಬರೆಸಿದರು. ಅಮೆರಿಕದ ಆಗಿನ ಉಪಾಧ್ಯಕ್ಷ ಹೆನ್ರಿ ವಾಲೆಸ್ ಆಗಷ್ಟೇ ಭಾಷಣವೊಂದರಲ್ಲಿ ಇದು ಸಾಮಾನ್ಯ ಮನುಷ್ಯನ ಶತಮಾನ ಎಂದಿದ್ದರು. ಕೋಪ್ಲಂಡ್ ಗೌರವ ಸಲ್ಲಿಸಿದ್ದು ಆ ಮನುಷ್ಯನಿಗೆ, ದೊರೆಗಲ್ಲ, ಸೇನಾಪತಿಗಲ್ಲ. ಮೊದಲ ಪ್ರದರ್ಶನ 1943ರ ಮಾರ್ಚ್ 12ರಂದು, ಅಲ್ಲಿನ ಸಾಮಾನ್ಯ ಜನ ಆದಾಯ ತೆರಿಗೆ ಕಟ್ಟುವ ದಿನಗಳಲ್ಲೇ ಆಯಿತು. ಇಷ್ಟು ತಿಳಿದ ಮೇಲೆ ಒಬ್ಬರ ಟ್ರಂಪೆಟ್ ಮಿಕ್ಕವರ ಮೇಲೆ ಮೆರೆಯುವುದು ಹೇಗೆ ಸರಿ, ಅಲ್ವಾ? ಮೂರನೇ ಟ್ರಂಪೆಟ್‌ನಲ್ಲಿ ಕೂತು ಮೊದಲನೆಯವರ ದನಿಯೊಳಗೆ ನನ್ನ ದನಿ ಕರಗಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ನುಡಿಸಬೇಕೆಂದಿರುವವರಿಗೆ ಒಂದು ಮಾತು. ಕೊನೆಯ ಉದ್ದನೆಯ ಸ್ವರಕ್ಕೆ ಮುಂಚಿನ ಸಾಲುಗಳಲ್ಲೇ ಉಸಿರಿನ ಜಾಗಗಳನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಅಲ್ಲಿಯವರೆಗೆ ತುಟಿಯಲ್ಲಿ ಕಸುವು ಉಳಿದಿರಬೇಕು.