ಹೆಂಪ್ ದಾರದ ಬ್ರೇಸ್‌ಲೆಟ್ ಹೆಣೆಯುವವರಿಗೆ: ಮೊದಲು ಮೇಣ, ಆಮೇಲೆ ಗಂಟು

ಗಂಟು ಹಾಕುವ ಮುಂಚೆ ಹೆಂಪ್ (ಗಾಂಜಾ ಜಾತಿಯ ಗಿಡದ ನಾರು) ದಾರವನ್ನು ಜೇನುಮೇಣದ ಉಂಡೆ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿ ಹಿಡಿದು ಎರಡು ಸಲ ಎಳೆಯಿರಿ. ಆಮೇಲೆ ಹಳೇ ಹತ್ತಿ ಬಟ್ಟೆಯ ನಡುವೆ ಸರಸರನೆ ಜಗ್ಗಿ. ತಿಕ್ಕಾಟದ ಬಿಸಿಗೆ ಮೇಣ ಮೆತ್ತಗಾಗಿ ನಾರಿನೊಳಕ್ಕೆ ಇಳಿಯುತ್ತದೆ, ಎದ್ದ ಜುಂಗೆಲ್ಲ ಕೂರುತ್ತದೆ, ಕೈ ಉರಿ ಕಡಿಮೆ, ಅಂಟಿನ ಗುಣದಿಂದ ಗಂಟೂ ಜಾರುವುದಿಲ್ಲ. ತುಡುವೆ ಜೇನು ಹಿಂಡುವವರ ಮನೆಯ ಮೇಣವೇ ಸಾಕು, ಬಿಸಿನೀರಲ್ಲಿ ಕರಗಿಸಿ ಸೋಸಿಕೊಂಡರೆ ಸರಿ. ಕ್ಯಾಂಡಲ್ ಮೇಣ ಬೇಡ, ಒಣಗಿ ಬಿಳಿ ಪುಡಿಯಾಗಿ ಉದುರುತ್ತದೆ. ಕೊನೆಯ ಎರಡು ಇಂಚಿಗೆ ಮಾತ್ರ ಮೇಣ ತಾಗಿಸಬೇಡಿ. ತುದಿಗಂಟಿಗೆ ಹಚ್ಚುವ ಫೆವಿಕಾಲ್ ಮೇಣದ ಮೇಲೆ ನಿಲ್ಲುವುದಿಲ್ಲ. ನೈಲಾನ್ ದಾರದ ಹಾಗೆ ಲೈಟರ್‌ನಲ್ಲಿ ಸುಟ್ಟು ಮುಚ್ಚೋಣ ಅಂದರೆ ಹೆಂಪ್ ಕರಗದು, ಕರಕಲಾಗುತ್ತದೆ ಅಷ್ಟೆ. ಮೇಣದ ಈ ಉಪಾಯ ಕೈಕೊಡುವುದು ನಮ್ಮ ಮಳೆಗಾಲದಲ್ಲಿ: ಆಗುಂಬೆ, ಹೊಸನಗರದ ಕಡೆ ಆಷಾಢದಲ್ಲಿ ದಾರ ಒಣಗಿದ ಹಾಗೆ ಕಂಡರೂ ಒಳಗೆ ತಂಡಿ ಹಿಡಿದಿರುತ್ತದೆ. ಅದರ ಮೇಲೆ ಮೇಣ ಬಳಿದರೆ ನೀರಂಶ ಒಳಗೇ ಉಳಿದು ಬೂಸ್ಟು ಬರುತ್ತದೆ. ಬಚ್ಚಲೊಲೆಯ ಹತ್ತಿರ ಒಂದು ರಾತ್ರಿ ಒಣಗಿಸಿಕೊಳ್ಳಿ (ಹೊಗೆ ತಾಗದಂತೆ, ಆ ವಾಸನೆ ಹೋಗುವುದೇ ಇಲ್ಲ). ಅಳತೆ: ಒಂದು ಮಿಲಿಮೀಟರ್ ದಾರದಲ್ಲಿ 7 ಇಂಚಿನ ಚೌಕ ಗಂಟಿನ ಬ್ರೇಸ್‌ಲೆಟ್‌ಗೆ, ಸುತ್ತುವ ಎರಡು ಎಳೆಗಳಿಗೆ ತಲಾ 35 ಇಂಚು, ನಡುವಿನ ಎಳೆಗಳಿಗೆ ತಲಾ 15 ಇಂಚು. ಸಣ್ಣ ತೂತಿನ ಮಣಿ ಪೋಣಿಸುವುದಿದ್ದರೆ ನಡುವಿನ ಎಳೆಗೆ ಮೇಣ ತೆಳ್ಳಗಿರಲಿ, ಇಲ್ಲದಿದ್ದರೆ ತೂತಿನ ಬಾಯಲ್ಲೇ ಕಟ್ಟಿಕೊಳ್ಳುತ್ತದೆ.