ಮಹಾನವಮಿಗೆ ಬಿಚ್ಚಿದ ಬಂದೂಕು: ಮತ್ತೆ ಕೂಡಿಸುವಾಗ ಏನೇನು ನೋಡಬೇಕು?

ಮಹಾನವಮಿ ಹತ್ತಿರ ಬಂತೆಂದರೆ ಸೇಡಂ, ಚಿಂಚೋಳಿ ಕಡೆಯ ಕೆಲವು ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಉದ್ದನೆಯ ಕಟ್ಟಿಗೆ ಪೆಟ್ಟಿಗೆ ಕೆಳಗಿಳಿಯುತ್ತದೆ. ಅಜ್ಜನ ಕಾಲದಲ್ಲಿ ಲೈಸೆನ್ಸ್ ಪಡೆದ ಜೋಡುನಳಿಗೆ ಬಂದೂಕು ಅದರೊಳಗೆ ಮೂರು ತುಂಡಾಗಿ ಮಲಗಿರುತ್ತದೆ: ನಳಿಗೆ, ಹಿಡಿ, ನಳಿಗೆಯ ಕೆಳಗೆ ಕೂರುವ ಮುಂದಿನ ಕಟ್ಟಿಗೆ. ಒರೆಸಿ, ಎಣ್ಣೆ ಹಚ್ಚಿ, ಕೂಡಿಸಿ ಪೂಜೆಗೆ ಇಡಬೇಕು. ಕೂಡಿಸಲು ಅರ್ಧ ನಿಮಿಷ ಸಾಕು. ನೋಡಿ ಕೂಡಿಸಲು ಅರ್ಧ ತಾಸು ಬೇಕು. ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಿ ವಾಪಸ್ ತಂದ ಬಂದೂಕಿಗೂ ಇದೇ ಲೆಕ್ಕ.

ಇಲ್ಲಿ ಹೇಳುತ್ತಿರುವುದು ಲೈಸೆನ್ಸಿನಲ್ಲಿ ನಮೂದಾದ, ಸ್ವಚ್ಛ ಮಾಡಲು ಬಿಚ್ಚಿದ ಬಂದೂಕಿನ ಮಾತು ಮಾತ್ರ. ಎಲ್ಲಿಂದಲೋ ಬಿಡಿ ಭಾಗ ತಂದು ಮನೆಯಲ್ಲಿ ಬಂದೂಕು ಕಟ್ಟುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಬಿಡಿ ಭಾಗಗಳನ್ನೂ ಆ ಕಾಯ್ದೆ ಆಯುಧವೆಂದೇ ಎಣಿಸುತ್ತದೆ. ದುರಸ್ತಿಯ ಅಂಗಡಿಗೂ ಬೇರೆ ಲೈಸೆನ್ಸ್ ಬೇಕು.

ಮೊದಲ ಕೆಲಸ, ತೋಟಾಗಳ ಡಬ್ಬಿಯನ್ನು ಇನ್ನೊಂದು ಕೋಣೆಗೆ ಒಯ್ದು ಬೀಗ ಹಾಕುವುದು. ಮಕ್ಕಳನ್ನು ಹೊರಗೆ ಕಳಿಸಿ. ಶಹಾಬಾದ ಪರಸಿಯ ಮೇಲೆ ನಳಿಗೆ ಬಿದ್ದರೆ ತಗ್ಗು ಬೀಳುತ್ತದೆ, ಅದಕ್ಕೆ ಕೆಳಗೊಂದು ಕೌದಿ ಹಾಸಿಕೊಳ್ಳಿ.

ಆಮೇಲೆ ನಳಿಗೆ. ಕೂಡಿಸುವ ಮೊದಲೇ, ಅದು ಒಂಟಿಯಾಗಿ ಕೈಯಲ್ಲಿರುವಾಗಲೇ, ತೋಟಾ ಹಾಕುವ ಬದಿಯಿಂದ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ. ಒಳಗೋಡೆಯ ಮೇಲೆ ಬೆಳಕು ಬಳೆ ಬಳೆಯಾಗಿ ಕಾಣಬೇಕು. ಬಳೆ ಎಲ್ಲಾದರೂ ಸೊಟ್ಟಗಾಗಿದ್ದರೆ ಅಲ್ಲಿ ತಗ್ಗೋ ಉಬ್ಬೋ ಇದೆ. ಎರಡೂ ನಳಿಗೆ ಬೇರೆ ಬೇರೆಯಾಗಿ ನೋಡಬೇಕು. ನಾನೊಮ್ಮೆ ಬಲಗಡೆಯದು ಲಕಲಕ ಹೊಳೆಯುವುದನ್ನು ಕಂಡು ಎಡಗಡೆಯದನ್ನು ನೋಡದೇ ಬಿಟ್ಟಿದ್ದೆ. ಕಾಕಾ ಕೈಯಿಂದ ಕಸಿದುಕೊಂಡು ಗಜ, ಅಂದರೆ ನಳಿಗೆ ಒರೆಸುವ ಉದ್ದನೆಯ ಕೋಲು, ತೂರಿಸಿದರು. ಮಧ್ಯದಲ್ಲಿ ತಡೆಯಿತು. ಇನ್ನೊಂದು ಬದಿಯಿಂದ ಮೆಲ್ಲಗೆ ನೂಕಿದರೆ ಕೌದಿಯ ಮೇಲೆ ಉದುರಿದ್ದು ಒಣಮಣ್ಣು, ಅದರೊಂದಿಗೆ ನಾಲ್ಕೈದು ಸತ್ತ ಜೇಡ. ಮಳೆಗಾಲದಲ್ಲಿ ಗೂಟಕ್ಕೆ ತೂಗುಹಾಕಿದ್ದಾಗ ಕುಂಬಾರ ಹುಳ ಒಳಗೆ ಮನೆ ಕಟ್ಟಿತ್ತು. ‘ಇದ್ರಾಗ ಒಂದು ತೋಟಾ ಹಾರಿಸಿದ್ದರ ನಳಿಗಿ ಬಾಳಿಹಣ್ಣಿನ ಸಿಪ್ಪಿ ಸುಲದಂಗ ಸೀಳ್ತಿತ್ತು, ತಮ್ಮಾ’ ಅಂದರು. ಉತ್ಪ್ರೇಕ್ಷೆಯಲ್ಲ. ಗುಂಡಿನ ಹಿಂದಿನ ಒತ್ತಡಕ್ಕೆ ಮುಂದೆ ದಾರಿ ಸಿಗದಿದ್ದರೆ ಅದು ಪಕ್ಕಕ್ಕೆ ಒಡೆದುಕೊಂಡು ಹೋಗುತ್ತದೆ. ಒರೆಸುವ ಬಟ್ಟೆಯ ತುಂಡು, ಗಟ್ಟಿಯಾದ ಗ್ರೀಸು ಸಿಕ್ಕಿಕೊಂಡಿದ್ದರೂ ಅದೇ ಗತಿ. ಕೊನೆಯಲ್ಲಿ ಒಣಬಟ್ಟೆ ಒಮ್ಮೆ ತೂರಿಸಿ, ಒಳಗೆ ಹೋದ ತುಂಡುಗಳನ್ನೂ ಹೊರಬಂದ ತುಂಡುಗಳನ್ನೂ ಎಣಿಸಿ.

ಈಗ ನಂಬರು. ನಳಿಗೆಯ ಮೇಲಿನದು, ಹಿಡಿಯ ಕಬ್ಬಿಣದ ಮೇಲಿನದು, ಲೈಸೆನ್ಸ್ ಪುಸ್ತಕದ್ದು ತಾಳೆಯಾಗಬೇಕು. ಅಣ್ಣತಮ್ಮಂದಿರ ಮನೆಯಲ್ಲಿ ಒಂದೇ ಕಂಪನಿಯ ಎರಡು ಬಂದೂಕು ಇದ್ದರೆ ಭಾಗ ಅದಲುಬದಲಾಗುವುದು ಸುಲಭ. ಕೂತಂತೆ ಕಂಡರೂ ಒಂದರ ನಳಿಗೆ ಇನ್ನೊಂದಕ್ಕೆ ನಿಜವಾಗಿ ಕೂರುವುದಿಲ್ಲ, ಏಕೆಂದರೆ ಹಳೆಯವನ್ನು ಅರ ಹಚ್ಚಿ ಒಂದಕ್ಕೊಂದು ಹೊಂದಿಸಿರುತ್ತಾರೆ.

ನಳಿಗೆಯನ್ನು ಕೀಲಿಗೆ ಸಿಕ್ಕಿಸಿ ಮುಚ್ಚಿ. ಬಡಿಯಬೇಡಿ. ಮುಂದಿನ ಕಟ್ಟಿಗೆಯನ್ನು ಇನ್ನೂ ಹಾಕಬೇಡಿ. ಬಂದೂಕು ತೆರೆಯಲು ಬೆರಳಿನಿಂದ ಒತ್ತುವ ಮೇಲಿನ ಸನ್ನೆ ನಟ್ಟನಡುವೆ ಅಥವಾ ತುಸು ಬಲಕ್ಕೆ ನಿಂತರೆ ಸರಿ, ನಡುವನ್ನು ದಾಟಿ ಎಡಕ್ಕೆ ಹೋಗಿದ್ದರೆ ಬಂಧ ಸವೆದಿದೆ. ಹಿಡಿಯನ್ನು ಗಟ್ಟಿ ಹಿಡಿದು ನಳಿಗೆಯನ್ನು ಮೆಲ್ಲಗೆ ಅಲುಗಿಸಿ. ಟಕ್ ಟಕ್ ಎಂದರೆ, ಅಥವಾ ನಳಿಗೆಯ ಹಿಂಭಾಗಕ್ಕೂ ಅದು ತಾಗುವ ಕಬ್ಬಿಣಕ್ಕೂ ನಡುವೆ ದೀಪದ ಬೆಳಕು ತೂರಿ ಬಂದರೆ, ಅಲ್ಲಿಗೇ ನಿಲ್ಲಿಸಿ. ಅದು ಲೈಸೆನ್ಸ್ ಇರುವ ಮಿಸ್ತ್ರಿಯ ಕೆಲಸ. ಸಂದಿಗೆ ತಗಡು ಕೊಟ್ಟು ಬಿಗಿ ಮಾಡಿಕೊಂಡವರನ್ನು ನೋಡಿದ್ದೇನೆ. ಅವರ ಪಕ್ಕದಲ್ಲಿ ನಾನು ನಿಲ್ಲುವುದಿಲ್ಲ.

ಬಂಧ ಸರಿಯಿದ್ದರೆ ಮುಂದಿನ ಕಟ್ಟಿಗೆ ಕೂರಿಸಿ, ಸೇಫ್ಟಿ ನೋಡಿ. ಇದಕ್ಕೆ ಮದ್ದಿಲ್ಲದ ಡಮ್ಮಿ ತೋಟಾ ಬೇಕು. ನಿಜವಾದ ತೋಟಾ ಹಾಕಿ ಪರೀಕ್ಷೆ ಮಾಡುವ ಮಾತೇ ಇಲ್ಲ. ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು, ಸೇಫ್ಟಿ ಹಾಕಿ, ಒಂದೊಂದೇ ಟ್ರಿಗರ್ ಎಳೆಯಿರಿ. ಸದ್ದು ಬರಬಾರದು. ಟ್ರಿಗರ್ ಬಿಟ್ಟು, ಬೆರಳು ದೂರವಿಟ್ಟು ಸೇಫ್ಟಿ ತೆಗೆಯಿರಿ. ಆಗಲೂ ಬರಬಾರದು. ಹಿಡಿಯ ಬುಡವನ್ನು ಕೌದಿಯ ಮೇಲೆ ಹಗುರಾಗಿ ಕುಟ್ಟಿದಾಗಲೂ ಅಷ್ಟೇ. ಬಹಳಷ್ಟು ಜೋಡುನಳಿಗೆಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ, ತೋಟಾ ಹಾರಿಸುವ ಒಳಗಿನ ಸುತ್ತಿಗೆಯನ್ನಲ್ಲ. ಕೆಳಗೆ ಬಿದ್ದ ಬಂದೂಕು ಸೇಫ್ಟಿ ಹಾಕಿದ್ದರೂ ಹಾರುವುದು ಇದರಿಂದಲೇ.

ಪಾಯಿಂಟ್ 315 ರೈಫಲ್ ಇದ್ದವರು ಬೋಲ್ಟಿನ, ಅಂದರೆ ತೋಟಾದ ಹಿಂದೆ ನಳಿಗೆ ಮುಚ್ಚುವ ಕಬ್ಬಿಣದ ಅಗುಳಿಯ, ನಂಬರನ್ನು ತಪ್ಪದೇ ನೋಡಿ. ಬೇರೆ ರೈಫಲ್ಲಿನ ಬೋಲ್ಟ್ ಒಳಗೆ ಹೋಗುತ್ತದೆ, ತಿರುಗುತ್ತದೆ, ಮುಚ್ಚುತ್ತದೆ. ಆದರೆ ತೋಟಾದ ಬೆನ್ನಿಗೆ ಸಿಗಬೇಕಾದ ಆಸರೆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕಾದ ಗಾಳಿ ಮುಖಕ್ಕೆ ಬರಬಹುದು. ಆ ಅಳತೆ ಕಣ್ಣಿಗೆ ಸಿಗುವುದಿಲ್ಲ, ಗೇಜು ಬೇಕು.

ತೋಟಾದ ವಿಷಯದಲ್ಲಿ ಎರಡು ಮಾತು. 12 ಬೋರಿನ ಹಳೆಯ ಬಂದೂಕುಗಳಲ್ಲಿ ತೋಟಾ ಕೂರುವ ಜಾಗ 65 ಮಿಲಿಮೀಟರ್ ಇರುವುದುಂಟು. ಅಂಗಡಿಯಲ್ಲಿ ಇಂದು ಸಾಮಾನ್ಯವಾಗಿ ಸಿಗುವುದು 70ರದು. ಡಬ್ಬಿಯ ಮೇಲಿನ ಅಳತೆ ಹಾರಿದ ಮೇಲೆ ಬಾಯಿ ಬಿಚ್ಚಿದ ತೋಟಾದ್ದು. ಹೀಗಾಗಿ ಹಾರದ ತೋಟಾ ಸಲೀಸಾಗಿ ಒಳಗೆ ಕೂತು, ಹಾರುವಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಇನ್ನೊಂದು, ಬೋರಿನ ಅಂಕಿ ದೊಡ್ಡದಾದಷ್ಟೂ ತೋಟಾ ಸಣ್ಣದು, ಹಾಗಾಗಿ 20 ಬೋರಿನ ತೋಟಾ 12ರ ನಳಿಗೆಯಲ್ಲಿ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವರಿಗೆ ಖಾಲಿಯಂತೆ ಕಂಡು, ಅದರ ಹಿಂದೆ ಮತ್ತೊಂದು ತುಂಬುತ್ತಾರೆ. ಎರಡನ್ನೂ ಒಂದೇ ಕಿಸೆಯಲ್ಲಿ ಇಡಬೇಡಿ.

ಪೂಜೆಯಾದ ಮೇಲೆ ಆಕಾಶಕ್ಕೆ ಒಂದು ಹಾರಿಸುವ ಚಟ ಕೆಲವರಿಗೆ. 2019ರ ತಿದ್ದುಪಡಿಯ ಪ್ರಕಾರ ಸಂಭ್ರಮದ ಹೆಸರಿನಲ್ಲಿ ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕುಂಕುಮ, ಅರಿಷಿಣ ಹಿಡಿಯ ಕಟ್ಟಿಗೆಗೆ ಇರಲಿ. ಕಬ್ಬಿಣಕ್ಕೆ ಹಸಿ ಅರಿಷಿಣ ಮೆತ್ತಿದರೆ ಬನ್ನಿ ಹಂಚುವ ಹೊತ್ತಿಗೆ ತುಕ್ಕು ಶುರು. ಮರುದಿನ ಪೆಟ್ಟಿಗೆಗೆ ಹಾಕುವ ಮುನ್ನ ನಳಿಗೆ ಬಿಚ್ಚಿ ಇನ್ನೊಮ್ಮೆ ಬೆಳಕಿಗೆ ಹಿಡಿಯಿರಿ. ಹೋದ ವರ್ಷ ನಮ್ಮ ಅವ್ವ ಭಕ್ತಿಯಿಂದ ಸಿಕ್ಕಿಸಿದ್ದ ಚೆಂಡು ಹೂವು ನನಗೆ ಸಿಕ್ಕಿದ್ದು ಅಲ್ಲೇ, ತುದಿಯಿಂದ ಗೇಣುದ್ದ ಒಳಗೆ.